ನಾಲ್ಕು ಸೆಕೆಂಡು

ಮಾತು ಕಲಿಸುವುದು ನನ್ನ ಹೊಟ್ಟೆಪಾಡು.
ಅಕ್ರಾ ಪಟ್ಟಣದ ಓಸುವಿನಲ್ಲಿ, ಹೊಲಿಗೆ ಅಂಗಡಿಯ ಮೇಲೆ
ಒಂದು ಕೋಣೆ, ಒಂದು ಕ್ಯಾಮೆರಾ, ಕೆಂಪು ಕಣ್ಣಿನ ದೀಪ.
ಕೆಳಗಿನ ಮಿಷನ್ನುಗಳ ಟಕಟಕ ಏರಿದಾಗೆಲ್ಲ
ಕಿಟಕಿ ಮುಚ್ಚಿ, ಬೆವರುತ್ತ ಹೇಳಿಕೊಡುತ್ತೇನೆ:

ಮೂರೇ ಮಾತು ಕಟ್ಟಿಟ್ಟುಕೊಳ್ಳಿ.
ಪ್ರಶ್ನೆ ಯಾವ ದಿಕ್ಕಿನಿಂದ ಬಂದರೂ
ಸೇತುವೆ ಹಾಕಿ ನಿಮ್ಮ ದಡಕ್ಕೇ ಬನ್ನಿ.
ಕೈ ಹೊಕ್ಕುಳ ಮಟ್ಟದಲ್ಲಿರಲಿ. ಗದ್ದ ತುಸು ಕೆಳಗೆ.
ನಡುವೆ ಖಾಲಿ ಬಿಡಬೇಡಿ; ಖಾಲಿ ಜಾಗದಲ್ಲಿ
ಬೇರೆಯವರು ಬಂದು ಬಿಡಾರ ಹೂಡುತ್ತಾರೆ.

ಬ್ಯಾಂಕಿನವರು ಕಲಿತರು, ಮಂತ್ರಿಯ ಕಾರ್ಯದರ್ಶಿ ಕಲಿತ.
ಒಬ್ಬ ಪಾದ್ರಿ ಎರಡೇ ದಿನದಲ್ಲಿ ಕಲಿತು
ಮೂರನೇ ದಿನ ನನಗೇ ಕಲಿಸಲು ಬಂದ.

ಆಮೇಲೆ ಎನ್ಯೊನಾಮ್ ಬಂದಳು,
ಕೇಟಾ ಕಡೆಯ ಮೀನು ಹೊಗೆಹಾಕುವ ಹೆಂಗಸರ ಸಂಘದ ಖಜಾಂಚಿ,
ಟ್ರೋಟ್ರೋ ವ್ಯಾನಿನಲ್ಲಿ ಐದು ತಾಸು ಕುಲುಕಿ.
ಸೀರುಡೆಯ ಮಡಿಕೆಯಲ್ಲಿ ಹೊಗೆ,
ಚೀಲದಲ್ಲಿ ನನಗೆಂದೇ ಕಟ್ಟಿದ ಬೂತಾಯಿ.
ಸಮುದ್ರ ಅವಳೂರನ್ನು ತಿನ್ನುತ್ತಿತ್ತು,
ತಡೆಗೋಡೆ ಅರ್ಧಕ್ಕೆ ನಿಂತಿತ್ತು.
ಶುಕ್ರವಾರ ಬೆಳಗ್ಗೆ ಏಳಕ್ಕೆ ರೇಡಿಯೋ ಸಂದರ್ಶನ.

ನಾನು ವರದಿಗಾರನಾಗಿ ಪ್ರಶ್ನೆ ಎಸೆದೆ.
ಅವಳು ಉತ್ತರಿಸಲಿಲ್ಲ, ನನ್ನ ಬಾಯಿ ನೋಡಿದಳು.
“ನಾಲ್ಕು ಸೆಕೆಂಡಾಯಿತು, ತಾಯಿ.
ರೇಡಿಯೋದಲ್ಲಿ ಅದು ಹೆಣ ಬಿದ್ದಹಾಗೆ.”
“ನೀವಿನ್ನೂ ಮುಗಿಸಿರಲಿಲ್ಲ, ಮಿಸ್ಟರ್ ಲ್ಯಾಂಪ್ಟಿ.”
“ಮುಗಿಸಿದ್ದೆ.”
“ಮಾತು ಮುಗಿದಿತ್ತು. ಉಸಿರು ಇನ್ನೂ ಇತ್ತು.”

ಮೂವತ್ತು ವರ್ಷ ಒಲೆಯ ಮುಂದೆ ಕೂತವಳು.
ಮೀನಿನೆಣ್ಣೆ ಕೆಂಡಕ್ಕೆ ಬೀಳುವ ಚುಂಯ್
ಹನಿಗೂ ಹನಿಗೂ ದೂರವಾಗುತ್ತ ಹೋದರೆ
ಮೇಲಿನ ಜಾಲರಿ ಕೆಳಗಿಡಬೇಕಂತೆ.
“ಹೊಗೆಯಲ್ಲಿ ಕಣ್ಣು ಯಾವ ಕೆಲಸಕ್ಕೆ?”
ನಾನು ಹೂಂಗುಟ್ಟಿದೆ.
ಹೂಂಗುಟ್ಟುವುದು ನನ್ನ ಪಾಠದ ಏಳನೇ ಪುಟ:
ಕೇಳುತ್ತಿರುವಂತೆ ಕಾಣಲು ಎರಡು ಸಲ ತಲೆಯಾಡಿಸಿ.

ಶುಕ್ರವಾರ. ಗಾಜಿನಾಚೆ ನಾನು, ಕೈಯಲ್ಲಿ ಗಡಿಯಾರ.
ನಿರೂಪಕ ಎಸೆಲ್
ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಕೇಳಿದ:
“ಆ ಹಳ್ಳಿಯವರಿಗೆ ಬೇರೆ ಕಡೆ ಜಾಗ ಕೊಟ್ಟರೂ
ಕದಲುತ್ತಿಲ್ಲವಂತೆ. ತಪ್ಪು ಯಾರದು?”

ಉತ್ತರ ಅವಳಲ್ಲಿತ್ತು. ನಾನೇ ಕಟ್ಟಿಕೊಟ್ಟಿದ್ದೆ,
ಇಪ್ಪತ್ತೆರಡು ಸೆಕೆಂಡಿಗೆ ಕತ್ತರಿಸಿ.
ಒಂದು. ಎರಡು.
ತಂತ್ರಜ್ಞ ಹುಡುಗಿಯ ಬೆರಳು ಜಾಹೀರಾತಿನ ಗುಂಡಿಯ ಮೇಲೆ.
ಮೂರು.

ನಾಲ್ಕು.

“ಮೂರು ಸಲ ‘ಆ ಹಳ್ಳಿ’ ಅಂದಿರಿ,” ಎಂದಳು,
ಜಗಳದ ದನಿಯಲ್ಲಲ್ಲ,
ಬಿದ್ದ ಚಿಲ್ಲರೆ ಹೆಕ್ಕಿಕೊಡುವವಳ ಹಾಗೆ.
“ಮೂರನೇ ಸಲ ತಡವರಿಸಿದಿರಿ. ಹೆಸರು ನಿಮಗೆ ಗೊತ್ತಿದೆ.”

ಈಗ ಖಾಲಿ ಅವನ ಪಾಲಿಗೆ ಬಂತು.
ನನ್ನ ಗಡಿಯಾರದಲ್ಲಿ ಏಳು ಸೆಕೆಂಡು.
ಎಷ್ಟು ಮಂದಿ ಚಾಲಕರು ರೇಡಿಯೋ ಕೆಟ್ಟಿತೆಂದು
ಅದರ ನೆತ್ತಿಗೆ ತಟ್ಟಿದರೋ.
ಆಮೇಲೆ, ಬೆಣ್ಣೆಯಿಲ್ಲದ ಗಂಟಲಲ್ಲಿ:
“ಕಾಫುಕೊಪೆ. ಚಿಕ್ಕವನಿದ್ದಾಗ ಒಂದು ರಜೆ ಅಲ್ಲಿದ್ದೆ.”
“ಯಾರ ಮನೆ?”
ಹೇಳಿದ.
“ಹಿತ್ತಲ ಬಾವಿ ನೆನಪಿದೆಯಾ? ಈಗದು ಅಲೆಯಾಚೆ.
ಇಳಿತದ ದಿನ ಕಟ್ಟೆ ಕಾಣುತ್ತೆ.”

ನಾನು ಕೊಟ್ಟ ಮೂರರಲ್ಲಿ ಒಂದೇ ಮಾತು ಆಡಿದಳು,
ಗೋಡೆ ಇನ್ನೂ ಎಂಟುನೂರು ಮೀಟರು ಬಾಕಿ ಎಂದು.
ಕೈ ಎಲ್ಲಿತ್ತೋ ನಾನು ನೋಡಲಿಲ್ಲ.

ಗೋಡೆ ಆಯಿತೇ ಎಂದು ಕೇಳಬೇಡಿ. ಆಗಿಲ್ಲ.
ಎಸೆಲ್ ಮಾತ್ರ ಪ್ರತಿ ಶುಕ್ರವಾರ
ಹವಾಮಾನ ಓದುವಾಗ ಊರಿನ ಹೆಸರು ಹಿಡಿದು ಓದುತ್ತಾನೆ.

ನನಗೋ, ಹೊಸ ಶಿಷ್ಯ ಬಂದಿದ್ದಾನೆ, ವಿದ್ಯುತ್ ಮಂಡಳಿಯವನು.
ಅವನ ಮಾತು ಮುಗಿದ ಮೇಲೂ ನಾನು ಸುಮ್ಮನಿದ್ದೆ,
ತಲೆಯಾಡಿಸದೆ.
“ಸಾರ್, ಮಿಷನ್ನು ಓಡ್ತಿದೆಯಾ?” ಅಂದ.
ಕಿಟಕಿ ತೆರೆದೇ ಇತ್ತು.
ಕೆಳಗೆ ಐದರಲ್ಲಿ ಒಂದು ನಿಂತಿತು,
ದಾರ ಕಡಿದಿರಬೇಕು.